ಏಳನೇ ಕೌಂಟರಿನ ಡ್ರಾಯರು

ಆ ಮನೆಯಲ್ಲಿ ಯಾರ ಫೋನು ಕೆಟ್ಟರೂ ಮೊದಲು ದೊಡ್ಡವಳನ್ನು ಕೂಗುತ್ತಿದ್ದರು. ಕೂಗದೆ ಏನು ಮಾಡಿಯಾರು? ಹದಿನಾಲ್ಕು ವರ್ಷದಿಂದ ಫೋನ್ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಏಳನೇ ಕೌಂಟರಿನ ಹಿಂದೆ ಕೂತವಳು ಅವಳು. ದೊಡ್ಡವಳು ಎಂದರೆ ದೊಡ್ಡ ಸೊಸೆ. ಚಿಕ್ಕವಳು ಎಂದರೆ ಚಿಕ್ಕ ಸೊಸೆ, ಅವಳ ವಾರಗಿತ್ತಿ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಅತ್ತೆ ಇಟ್ಟ ಈ ಎರಡು ಹೆಸರುಗಳು ಹನ್ನೆರಡು ವರ್ಷದಲ್ಲಿ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದವೆಂದರೆ, ಕಟ್ಟಿಕೊಂಡ ಗಂಡಂದಿರೂ ಹಾಗೆಯೇ ಕರೆಯುತ್ತಿದ್ದರು.

ಒಂದು ಶನಿವಾರ ಸಂಜೆ ಚಿಕ್ಕವಳು ಕಾಲಿನ ಚಪ್ಪಲಿಯನ್ನೂ ಬಿಡದೆ ಊಟದ ಮೇಜಿನ ಹತ್ತಿರ ಬಂದು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ.

“ಅಕ್ಕ, ನನ್ನ ಫೋನಿಗೆ ಕಾಲ್ ಬರ್ತಿಲ್ಲ. ಮೆಸೇಜೂ ಬರ್ತಿಲ್ಲ. ಅಂಗಡಿಯಲ್ಲಿ ನನ್ನ ಜೊತೆಯವಳು ನಾಲ್ಕು ಸಲ ಮಾಡಿದ್ಲಂತೆ, ಸಿಗಲೇ ಇಲ್ವಂತೆ. ಎಷ್ಟು ದಿನದಿಂದ ಹೀಗಿದೆಯೋ ನಂಗೇ ಗೊತ್ತಿಲ್ಲ.”

ಗೊತ್ತಾಗುವುದಾದರೂ ಹೇಗೆ? ಮನೆಯಲ್ಲಿ ವೈಫೈ, ಅಂಗಡಿಯಲ್ಲಿ ವೈಫೈ. ಗಂಡನ ಜೊತೆ ಮಾತು, ಹಾಡು, ಸುದ್ದಿ ಎಲ್ಲ ಅದರ ಮೇಲೆಯೇ ನಡೆಯುತ್ತಿತ್ತು. ಫೋನು ಫೋನಾಗಿ ಮಾಡಬೇಕಾದ ಕೆಲಸವೊಂದೇ ನಿಂತುಹೋಗಿತ್ತು.

ಬೇರೆ ಯಾರದ್ದಾದರೂ ಆಗಿದ್ದರೆ ನಾಳೆ ನೋಡೋಣ ಎನ್ನಬಹುದಿತ್ತು. ಆದರೆ ಚಿಕ್ಕವಳು ಐದು ವರ್ಷದಿಂದ ಆ ಫೋನಿನಲ್ಲಿ ಒಂದೇ ಒಂದು ಕರೆಗೆ ಕಾಯುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅನಾಥ ಮಕ್ಕಳನ್ನು ಸಾಕುವ ಮಕ್ಕಳ ಮನೆಯಲ್ಲಿ ದತ್ತು ಕೇಳಿ ಅರ್ಜಿ ಹಾಕಿದ್ದರು. ಫೈಲ್ ನಂಬರ್ ಇನ್ನೂರ ಹದಿನಾಲ್ಕು. ಸರದಿ ಬಂದಾಗ ಫೈಲಿನಲ್ಲಿ ಬರೆದಿರುವ ನಂಬರಿಗೆ ಮೆಸೇಜು ಬರುತ್ತದೆ, ಆಮೇಲೆ ಮೂರು ಕರೆ. ಎರಡು ದಿನದೊಳಗೆ ಹೂಂ ಎನ್ನಬೇಕು. ಹೂಂ ಎನ್ನದಿದ್ದರೆ ಮಗು ಮುಂದಿನವರಿಗೆ, ಇವರು ಪಟ್ಟಿಯ ಬಾಲಕ್ಕೆ. ಆದರೆ ಇವರಿಗೆ ಬಾಲವೂ ಇರಲಿಲ್ಲ. ಮುಂದಿನ ತಿಂಗಳು ಚಿಕ್ಕವಳ ಗಂಡ ವಯಸ್ಸಿನ ಗಡಿ ದಾಟುತ್ತಿದ್ದ, ಅಲ್ಲಿಗೆ ಫೈಲು ಮುಚ್ಚುತ್ತಿತ್ತು. ಪಟ್ಟಿಯಲ್ಲಿ ಮುಂದಿನ ಹೆಸರು ನಿಮ್ಮದೇ ಎಂದು ಹೋದ ತಿಂಗಳು ಹೇಳಿದ್ದರು. ಬಂದರೆ ಈಗ ಬರಬೇಕು, ಇಲ್ಲದಿದ್ದರೆ ಇಲ್ಲ.

ದೊಡ್ಡವಳು ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು. ಮನೆಮಂದಿಯೆಲ್ಲ ಸುತ್ತ ನೆರೆದರು. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಡಾಕ್ಟರು ನಾಡಿ ಹಿಡಿದಾಗ ಕೂರುವ ಹಾಗೆ ಕೂತರು, ಉಸಿರು ಬಿಗಿಹಿಡಿದು.

“ಏರೋಪ್ಲೇನ್ ಮೋಡ್ ಆನ್ ಮಾಡಿ ಆಫ್ ಮಾಡ್ದೆ. ಅದಲ್ಲ,” ಎಂದಳು ದೊಡ್ಡವಳು. “ಕಾಲ್ ಸದ್ದು ತಡೆಯೋ ಚಂದ್ರನ ಗುರುತು ಇಲ್ಲ. ನೂರಕ್ಕೆ ಅರವತ್ತು ಜನ ಅದನ್ನ ಒತ್ತಿಕೊಂಡೇ ನಮ್ಮ ಹತ್ರ ಅಳ್ತಾ ಬರ್ತಾರೆ. ಬ್ಲಾಕ್ ಲಿಸ್ಟ್ ಖಾಲಿ. ಕಾಲ್ ಬೇರೆ ನಂಬರಿಗೂ ಹೋಗ್ತಿಲ್ಲ. ನೆಟ್‌ವರ್ಕ್ ತಾನಾಗೇ ಹುಡುಕ್ಕೊಳ್ಳಲಿ ಅಂತ ಬಿಟ್ಟಿದೀನಿ. ಇನ್ನು ಉಳಿದಿದ್ದು ಸಿಮ್ಮು. ಪಿನ್ನು, ಸ್ಪಿರಿಟ್ಟು ಎಲ್ಲ ಆಫೀಸಲ್ಲಿದೆ. ನಾಳೆ ರಜೆ. ಸೋಮವಾರ ಒಯ್ದು ಸರಿ ಮಾಡ್ಕೊಂಡು ಬರ್ತೀನಿ.”

“ನಾನೂ ಬರ್ಲಾ ಅಕ್ಕ?”

“ನೀ ಬಂದ್ರೆ ಟೋಕನ್ ತಗೊಂಡು ಕ್ಯೂನಲ್ಲಿ ಕೂರ್ಬೇಕು. ನನ್ನ ಕೈಲಿ ಕೊಟ್ರೆ ಕ್ಯೂನೂ ಇಲ್ಲ, ಟೋಕನ್ನೂ ಇಲ್ಲ. ಲಾಕ್ ತೆಗೆಯೋ ನಂಬರ್ ಹೇಳು ಸಾಕು.”

ಚಿಕ್ಕವಳು ಹೇಳಿದಳು. ಅರ್ಜಿ ಹಾಕಿದ ದಿನದ ತಾರೀಕೇ ಆ ನಂಬರು. ಆಮೇಲೆ ದೊಡ್ಡವಳ ಎರಡೂ ಕೈ ಹಿಡಿದುಕೊಂಡು, “ನೀನೊಬ್ಬಳು ಇದೀಯ ಅಂತ ಧೈರ್ಯ ಅಕ್ಕ,” ಎಂದಳು. ಪಾಪದವಳು, ಹಾಗೆ ಅಂದೇ ಬಿಟ್ಟಳು.

ಈಗ ದೊಡ್ಡವಳ ಹೊಟ್ಟೆಯೊಳಗಿನ ವಿಷಯ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು. ಚಿಕ್ಕವಳು ಈ ಮನೆಗೆ ಕಾಲಿಟ್ಟ ದಿನದಿಂದ ಎಲ್ಲರ ಬಾಯಲ್ಲೂ ಚಿಕ್ಕವಳೇ. ಓದಿದವಳು ಅವಳು, ಮೆತ್ತಗೆ ಮಾತಾಡುವವಳು ಅವಳು, ಮಾವ ಹಾಸಿಗೆ ಹಿಡಿದಾಗ ಮಾತ್ರೆ ಲೆಕ್ಕವಿಟ್ಟು ಕೊಟ್ಟವಳು ಅವಳು. ದೊಡ್ಡವಳ ಸ್ವಂತ ಮಕ್ಕಳೇ ಲೆಕ್ಕ ಬರದಿದ್ದರೆ ಚಿಕ್ಕಮ್ಮನ ಕೋಣೆಗೆ ಓಡುತ್ತಿದ್ದರು. ಇಷ್ಟೆಲ್ಲ ಇದ್ದೂ ಚಿಕ್ಕವಳ ಹತ್ತಿರ ಇಲ್ಲದ್ದು ಒಂದೇ ಒಂದು, ಅದೇ ಒಂದು ದೊಡ್ಡವಳ ಹತ್ತಿರ ಎರಡಿತ್ತು. ನೆಂಟರ ಮನೆಯ ಹೆಸರಿಡುವ ದಿನಗಳಲ್ಲಿ, ಆಸ್ಪತ್ರೆಯಿಂದ ಬಂದ ಯಾರದೋ ಕೂಸನ್ನು ಎತ್ತಿಕೊಳ್ಳುವಾಗ, ಚಿಕ್ಕವಳು ಹಿಂದೆ ಸರಿದು ಗೋಡೆಗೆ ಒರಗುವುದನ್ನು ಅವಳು ಓರೆಗಣ್ಣಲ್ಲಿ ನೋಡುತ್ತಿದ್ದಳು. ನೋಡಿ ತಣ್ಣಗಾಗುತ್ತಿದ್ದಳು. ಅದು ಅವಳ ಹನ್ನೆರಡು ವರ್ಷದ ಔಷಧಿ.

ಹೋದ ತಿಂಗಳು ಮಕ್ಕಳ ಮನೆಯವರು ಮುಂದಿನ ಸರದಿ ನಿಮ್ಮದೇ ಎಂದು ಹೇಳಿ ಕಳಿಸಿದಾಗ ಅತ್ತೆಯ ಸಂತೋಷ ಹೇಳತೀರದು. ಬಟ್ಟೆ ಇಸ್ತ್ರಿ ಮಾಡುವ ಸಣ್ಣ ಕೋಣೆಯನ್ನು ಖಾಲಿ ಮಾಡಿಸಿದರು, ಗೋಡೆಗೆ ಹಳದಿ ಬಣ್ಣ ಹೊಡೆಸಿದರು. ಇಸ್ತ್ರಿ ಮೇಜು ದೊಡ್ಡವಳ ಮಂಚದ ಪಕ್ಕಕ್ಕೆ ಬಂತು. ಬಂದರೆ ಬರಲಿ, ಮೇಜಿನ ಮಾತಲ್ಲ ಅದು. ಅವತ್ತು ಅತ್ತೆ ಚಹಾ ಹೀರುತ್ತ, “ಒಂದು ಚಿಂತೆ ಕಳೀತು. ಇನ್ಮೇಲೆ ನನ್ನ ಇಬ್ಬರು ಸೊಸೇರೂ ಸಮ ಸಮ,” ಎಂದಿದ್ದರು. ಹಿರಿಜೀವ ಕಪಟವಿಲ್ಲದೆ ಆಡಿದ ಮಾತು. ಆ ಮಾತು ದೊಡ್ಡವಳ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತು, ಇಳಿಯಲೂ ಇಲ್ಲ, ಹೊರಕ್ಕೆ ಬರಲೂ ಇಲ್ಲ.

ಹಾಗಂತ ಫೋನನ್ನು ಚೀಲಕ್ಕೆ ಹಾಕಿಕೊಂಡು ಹೊರಟಾಗ ಅವಳ ಮನಸ್ಸಿನಲ್ಲಿ ಏನೂ ಕೇಡಿರಲಿಲ್ಲ. ಅಷ್ಟು ನ್ಯಾಯ ಅವಳಿಗೂ ಸಲ್ಲಬೇಕು.

ಸೋಮವಾರ ಹನ್ನೊಂದು ಗಂಟೆಗೆ ಜನ ಕರಗಿದ ಮೇಲೆ ಅವಳು ಪಿನ್ ಚುಚ್ಚಿ ಸಿಮ್ಮಿನ ತಟ್ಟೆಯನ್ನು ಹೊರಗೆಳೆದಳು. ನೋಡಿದೊಡನೆ ನಗು ಬಂತು. ಸಿಮ್ಮು ಅಲ್ಲಾಡುತ್ತದೆಂದು ಔಷಧಿ ಅಂಗಡಿಯ ಮಹಾರಾಯಿತಿ ಅದರ ಬೆನ್ನಿಗೆ ಗಾಯದ ಪಟ್ಟಿಯ ಚೂರೊಂದನ್ನು ಕತ್ತರಿಸಿ ಅಂಟಿಸಿದ್ದಳು. ಕರೆ ತಪ್ಪಿ ಹೋದೀತೆಂಬ ಭಯಕ್ಕೆ ಮಾಡಿದ ಉಪಚಾರವೇ ಕರೆಗೆ ಅಡ್ಡ ನಿಂತಿತ್ತು. ಪಟ್ಟಿಯ ಅಂಟು ಬಿಸಿಗೆ ಕರಗಿ ಮುಂಭಾಗದ ಚಿನ್ನದ ಗೆರೆಗಳ ಮೇಲೆ ಹರಿದಿತ್ತು. ದೊಡ್ಡವಳು ಪಟ್ಟಿ ಕಿತ್ತಳು, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದಳು, ಒಣಗಿಸಿ ತಟ್ಟೆಗೆ ಕೂರಿಸಿದಳು. ನಾಲ್ಕು ನಿಮಿಷದ ಕೆಲಸ. ಫೋನ್ ಆನ್ ಆಯಿತು, ನೆಟ್‌ವರ್ಕಿನ ಕಡ್ಡಿಗಳು ಒಂದರ ಪಕ್ಕ ಒಂದು ಎದ್ದು ನಿಂತವು.

ಆ ಸರ್ವಿಸ್ ಸೆಂಟರಿನಲ್ಲಿ ಒಂದು ಪದ್ಧತಿ ಇತ್ತು. ಕೆಲಸ ಅರ್ಧ ನಿಮಿಷದಲ್ಲಿ ಮುಗಿದರೂ ಫೋನನ್ನು ಆಗಲೇ ಕೊಡಬಾರದು. ಕೊಟ್ಟರೆ ಗಿರಾಕಿಗೆ ತಾನು ದಡ್ಡನಾದೆ ಅನಿಸುತ್ತದೆ, ಸಿಟ್ಟು ಕೌಂಟರಿನವರ ಮೇಲೆ ತಿರುಗುತ್ತದೆ. ಆದ್ದರಿಂದ ಒಳಗೆ ಕಳಿಸಬೇಕು ಎಂದು ಹೇಳಿ ಡ್ರಾಯರಿಗೆ ಹಾಕಿ ಮುಚ್ಚುವುದು. ಒಂದು ಗಂಟೆ ಬಿಟ್ಟು, ಕಷ್ಟದ ಕೇಸಾಗಿತ್ತು ಎಂದು ಹೇಳಿ ಕೊಡುವುದು. ಗಿರಾಕಿ ಕೈ ಮುಗಿದು ಹೋಗುತ್ತಾನೆ. ಹದಿನಾಲ್ಕು ವರ್ಷ ಅದನ್ನೇ ಮಾಡಿದ ಕೈ, ಯೋಚನೆಯನ್ನು ಕೇಳದೆ ಚಿಕ್ಕವಳ ಫೋನನ್ನೂ ಡ್ರಾಯರಿಗೆ ಹಾಕಿ ಮುಚ್ಚಿತು.

ಮುಚ್ಚಿದ ಡ್ರಾಯರಿನೊಳಗೆ ಫೋನು ಗುರ್ ಗುರ್ ಎಂದು ಐದಾರು ಸಲ ನಡುಗಿತು. ಇಷ್ಟು ದಿನ ತಡೆದು ನಿಂತಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಇಳಿಯುತ್ತಿದ್ದವು. ದೊಡ್ಡವಳು ಡ್ರಾಯರನ್ನು ನಾಲ್ಕು ಬೆರಳು ಎಳೆದು ಬಗ್ಗಿ ನೋಡಿದಳು. ಅಂಗಡಿಯವಳ ಎರಡು, ಹಲ್ಲಿನ ಡಾಕ್ಟರದ್ದು ಒಂದು. ಎಲ್ಲಕ್ಕಿಂತ ಮೇಲೆ, ಆ ಬೆಳಗ್ಗೆ ಒಂಬತ್ತೂವರೆಗೆ ಕಳಿಸಿದ್ದು, ಮಕ್ಕಳ ಮನೆಯದು.

ಫೈಲ್ ೨೧೪. ನಿಮ್ಮ ಸರದಿ ಬಂದಿದೆ. ಹೆಣ್ಣು ಮಗು, ನಾಲ್ಕು ವರ್ಷ, ಆರೋಗ್ಯವಾಗಿದ್ದಾಳೆ. ನಲವತ್ತೆಂಟು ಗಂಟೆಯೊಳಗೆ ಒಪ್ಪಿಗೆ ತಿಳಿಸಿ. ಕೆಳಗೆ ಫೋಟೋ.

ಫೋಟೋದಲ್ಲಿ ಹುಡುಗಿ ಮರದ ಕುರ್ಚಿಯ ಮೇಲೆ ಕೂತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಒಂದು ಕಾಲುಚೀಲ ಮೊಣಕಾಲಿನವರೆಗೆ, ಇನ್ನೊಂದು ಪಾದಕ್ಕೆ ಜಾರಿ ಬಿದ್ದಿತ್ತು. ಎರಡು ಜಡೆ, ಒಂದು ಗಿಡ್ಡ ಒಂದು ಉದ್ದ. ಗದ್ದದ ಮೇಲೆ ಒಣಗಿದ ಗಾಯದ ಹಕ್ಕಳೆ. ಫೋಟೋ ತೆಗೆಯುವವರು ನಗು ಎಂದಿರಬೇಕು, ನಗುವುದೋ ಬೇಡವೋ ತೀರ್ಮಾನವಾಗದೆ ತುಟಿಯ ಒಂದು ತುದಿ ಮಾತ್ರ ಮೇಲಕ್ಕೆ ಹೋಗಿತ್ತು. ದೊಡ್ಡವಳು ತುಂಬ ಹೊತ್ತು ನೋಡಿದಳು. ಹುಡುಗಿ ಚೆನ್ನಾಗಿದ್ದಳು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಕೊಂಚ ಮಂಕು ಕೂಸಾಗಿದ್ದರೆ ಅವತ್ತು ಸಂಜೆಯೇ ಫೋನು ಮನೆ ಸೇರುತ್ತಿತ್ತೋ ಏನೋ.

“ಯಾರದಕ್ಕ ಅದು ಫೋನು?” ಎಂದು ಆರನೇ ಕೌಂಟರಿನವಳು ಕೇಳಿದಳು.

“ಮನೆದು,” ಎಂದು ಡ್ರಾಯರನ್ನು ತಳ್ಳಿದಳು.

ಸಂಜೆ ಅವಳು ಬಾಗಿಲು ದಾಟುವುದಕ್ಕೂ ಪುರುಸೊತ್ತಿಲ್ಲ, ಚಿಕ್ಕವಳು ಎದುರಿಗೇ ನಿಂತಿದ್ದಳು.

“ಸಿಮ್ಮೇ ಹೋಗಿದೆ ಕಣೆ,” ಎಂದಳು ದೊಡ್ಡವಳು, ಚೀಲವನ್ನು ಗೂಟಕ್ಕೆ ಹಾಕುತ್ತ. “ಅದೇ ನಂಬರಿಗೆ ಹೊಸ ಸಿಮ್ ಬರೆದು ಹಾಕಿದೀನಿ. ಜೀವ ಬರೋಕೆ ಒಂದೆರಡು ದಿನ ಬೇಕು. ಫೋನ್ ಅಲ್ಲೇ ಇರ್ಲಿ, ಜೀವ ಬಂದ ಕೂಡ್ಲೇ ನೋಡ್ಕೋತೀನಿ.”

ನಾಲಿಗೆಗೆ ಎಲುಬಿಲ್ಲ ಅನ್ನುವುದು ಸುಮ್ಮನೆ ಅಲ್ಲ. ಇಷ್ಟು ದೊಡ್ಡ ಸುಳ್ಳು ಎಲ್ಲೂ ತಡವರಿಸದೆ ನುಣ್ಣಗೆ ಇಳಿಯಿತು. ಬೇರೆ ಯಾರಾದರೂ ಹೇಳಿದ್ದರೆ ಮೈದುನ ನಾಲ್ಕು ಪ್ರಶ್ನೆ ಕೇಳುತ್ತಿದ್ದ. ಅತ್ತಿಗೆಯನ್ನು ಫೋನಿನ ವಿಷಯ ಕೇಳುವಷ್ಟು ತಿಳಿದವನು ಆ ಮನೆಯಲ್ಲಿ ಹುಟ್ಟಿರಲಿಲ್ಲ.

ಚಿಕ್ಕವಳು ಕುರ್ಚಿಯ ಮೇಲೆ ಕುಸಿದು ಕೂತಳು. “ಮಧ್ಯಾಹ್ನ ಅಂಗಡಿ ಫೋನಿಂದ ಮಕ್ಕಳ ಮನೆಗೆ ಮಾಡಿದ್ದೆ ಅಕ್ಕ. ನನ್ನ ಫೋನ್ ಕೆಟ್ಟಿದೆ, ಏನಾದ್ರೂ ಇದ್ರೆ ಇವರ ನಂಬರಿಗೆ ಹೇಳಿ ಅಂದೆ. ಫೋನಲ್ಲಿ ಯಾರ ಫೈಲಿನ ವಿಷಯಾನೂ ಮಾತಾಡಲ್ಲ ಅಂದ್ರು. ನಂಬರ್ ಬದಲಾಯಿಸ್ಬೇಕಾದ್ರೆ ಗುರುವಾರ ಗಂಡ ಹೆಂಡ್ತಿ ಇಬ್ಬರೂ ಅರ್ಜಿ ಹಿಡ್ಕೊಂಡು ಬರ್ಬೇಕಂತೆ. ಬೇರೆ ದಿನ ಆ ಮೇಜಿಗೆ ಜನಾನೇ ಇರಲ್ವಂತೆ.”

“ಅಷ್ಟರೊಳಗೆ ನಿನ್ನ ಸಿಮ್ಮೇ ಎದ್ದು ಕೂತಿರತ್ತೆ ಬಿಡು. ಐದು ವರ್ಷ ಬರದೇ ಇದ್ದ ಕಾಲ್ ಇವೆರಡು ದಿನದಲ್ಲೇ ಬಂದುಬಿಡತ್ತಾ?”

“ಅಪಶಕುನ ಆಡ್ಬೇಡ ದೊಡ್ಡವಳೇ,” ಎಂದರು ಅತ್ತೆ. “ಬರುತ್ತೆ. ಇವತ್ತೋ ನಾಳೆಯೋ ಬರುತ್ತೆ. ನಿನ್ನ ಮಗಳ ಚಿಕ್ಕ ಹಾಸಿಗೆ ತೆಗೆದುಕೊಡು ಅಂತ ಎಷ್ಟು ದಿನದಿಂದ ಹೇಳ್ತಿದೀನಿ.”

ದೊಡ್ಡವಳು ಏಣಿ ಹಾಕಿಕೊಂಡು ಅಟ್ಟ ಹತ್ತಿದಳು. ಹಾಸಿಗೆ ಕೆಳಗಿಳಿಸಿ, ಧೂಳು ಕೊಡವಿ, ಹಳದಿ ಕೋಣೆಗೆ ತಾನೇ ಹೊತ್ತುಕೊಂಡು ಹೋಗಿ ಹಾಸಿದಳು. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಚಿಕ್ಕವಳು ಆ ಹಾಸಿಗೆಯ ಅಂಚನ್ನು ಸರಿಮಾಡುತ್ತ, “ಅಕ್ಕ, ಹುಡುಗಿಯಾದ್ರೆ ಜಡೆ ಹಾಕೋದು ನೀನೇ ಹೇಳಿಕೊಡ್ಬೇಕು, ನಂಗೆ ಅದೊಂದು ಬರಲ್ಲ,” ಎಂದಳು. ದೊಡ್ಡವಳು ಆಯಿತು ಎಂದಳು.

ಅವಳೊಳಗೆ ಏನೂ ಆಗಲಿಲ್ಲವೇ? ಆಯಿತು, ಸುಳ್ಳು ಯಾಕೆ ಹೇಳಲಿ. ರಾತ್ರಿ ಊಟ ಸೇರಲಿಲ್ಲ. ನಾಳೆ ಬೆಳಗ್ಗೆ ಹೋದ ಕೂಡಲೇ ತಂದು ಕೊಟ್ಟುಬಿಡುತ್ತೇನೆ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡಳು. ಹಾಗೆ ಹೇಳಿಕೊಂಡ ಮೇಲೆ ಚೆನ್ನಾಗಿ ನಿದ್ದೆ ಬಂತು. ಒಳ್ಳೆಯವಳಾಗುವ ಯೋಚನೆ ಮಾಡಿದ್ದೇ ಅವಳಿಗೆ ಒಳ್ಳೆಯವಳಾದಷ್ಟು ಸಮಾಧಾನ ಕೊಟ್ಟಿತು. ಬೆಳಗ್ಗೆ ಎದ್ದಾಗ ಆ ಅವಸರ ಹೊರಟುಹೋಗಿತ್ತು.

ಮಂಗಳವಾರ ಹತ್ತಕ್ಕೆ ಡ್ರಾಯರು ನಡುಗಿತು. ಎದುರಿಗೆ ಕೂತ ಮುದುಕನಿಗೆ ಅವಳು ಚಂದ್ರನ ಗುರುತು ತೋರಿಸುತ್ತಿದ್ದಳು. ಮೊಣಕಾಲಿಗೆ ತಾಗಿಕೊಂಡಿದ್ದ ಡ್ರಾಯರಿನ ನಡುಕ ಕಾಲಿನ ಮೂಳೆಯವರೆಗೂ ಬರುತ್ತಿತ್ತು. ಅವಳು ಕಾಲನ್ನು ಪಕ್ಕಕ್ಕೆ ಸರಿಸಿದಳು. ಹನ್ನೆರಡೂವರೆಗೆ ಎರಡನೇ ಸಲ ನಡುಗಿತು. ಮೂರೂ ಹೀಗೇ ಹೋದರೆ ತಾನು ಏನೂ ಮಾಡಿದಂತಾಗುವುದಿಲ್ಲ, ಬರಿ ಎತ್ತಲಿಲ್ಲ ಅಷ್ಟೇ, ಎಂದು ಅವಳು ಲೆಕ್ಕ ಹಾಕಿದ್ದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಆದರೆ ಮೂರು ಗಂಟೆಗೆ ಮೆಸೇಜು ಬಂತು. ಎರಡು ಕರೆಗೆ ಉತ್ತರವಿಲ್ಲ. ನಾಲ್ಕಕ್ಕೆ ಕೊನೆಯ ಕರೆ. ಅದಕ್ಕೂ ಉತ್ತರವಿಲ್ಲದಿದ್ದರೆ ನಾಳೆ ಬೆಳಗ್ಗೆ ನಮ್ಮ ಸಿಬ್ಬಂದಿ ಮನೆಗೆ ಬಂದು ವಿಚಾರಿಸುತ್ತಾರೆ.

ಮನೆಗೆ ಬಂದರೆ ಎಲ್ಲ ಬಯಲು. ಸುಮ್ಮನಿದ್ದು ಕೆಡಿಸುವ ದಾರಿ ಮುಚ್ಚಿತ್ತು. ಉಳಿದದ್ದು ಎರಡೇ, ಫೋನನ್ನು ಈಗಲೇ ಒಯ್ದು ಚಿಕ್ಕವಳ ಕೈಗೆ ಕೊಡುವುದು, ಇಲ್ಲವೇ ತಾನೇ ಬಾಯಿ ತೆರೆಯುವುದು. ಔಷಧಿ ಅಂಗಡಿ ಎರಡು ಬೀದಿಯಾಚೆ ಇತ್ತು. ನಡೆದರೆ ಹತ್ತು ನಿಮಿಷ. ಅವಳಿಗೆ ಹೋಗಿ ಬರಲು ಸಮಯವಿತ್ತು, ಇದನ್ನು ನಾನು ಒತ್ತಿ ಹೇಳುತ್ತೇನೆ.

ನಾಲ್ಕು ಹೊಡೆದು ಹತ್ತು ನಿಮಿಷಕ್ಕೆ ಫೋನು ನಡುಗಿದಾಗ ಅವಳು ಖಾಲಿ ಡಬ್ಬಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಫೈಲ್ ಇನ್ನೂರ ಹದಿನಾಲ್ಕಾ?” ಆ ಕಡೆ ಒಬ್ಬ ಹೆಂಗಸು, ದಣಿದ ದನಿ.

“ಹೂಂ.”

“ತಾಯಿ ಅಂತ ಫೈಲಿನಲ್ಲಿರೋದು ನೀವೇನಾ?”

“ಹೂಂ, ನಾನೇ.”

“ಎಷ್ಟು ಸಲ ಮಾಡೋದಮ್ಮ. ಮೆಸೇಜ್ ನೋಡಿದ್ರಾ? ಫೋಟೋ ಬಂತಾ?”

“ಬಂತು.”

“ಯಾವತ್ತು ಬರ್ತೀರಿ ಮಗು ನೋಡೋಕೆ?”

“ಬರಲ್ಲ. ನಮಗೆ ಬೇಡ.”

ಆ ಕಡೆ ಕಾಗದ ಮಗುಚುವ ಸದ್ದು ನಿಂತಿತು. “ಬೇಡ ಅಂದ್ರೆ? ಐದು ವರ್ಷದಿಂದ ಕಾದಿದೀರಿ. ಮುಂದಿನ ತಿಂಗಳು ನಿಮ್ಮ ಯಜಮಾನರ ವಯಸ್ಸು ಮೀರತ್ತೆ. ಇನ್ನೊಂದು ಸರದಿ ಇಲ್ಲ. ಗೊತ್ತಿದೆ ತಾನೇ?”

“ಗೊತ್ತಿದೆ.”

“ಫೈಲಿನಲ್ಲಿರೋ ನಂಬರಲ್ಲಿ ಹೇಳ್ತಿದೀರಿ, ಅದೇ ನಿಮ್ಮ ಮಾತು ಅಂತ ಬರ್ಕೋಬೇಕಾಗತ್ತೆ ನಾನು. ಮನೇಲಿ ಕೂತು ಯೋಚನೆ ಮಾಡಿ. ನಾಳೆ ಬೆಳಗ್ಗೆವರೆಗೂ ಟೈಮಿದೆ.”

“ಯೋಚನೆ ಮಾಡಿ ಆಗಿದೆ. ಬರ್ಕೊಳ್ಳಿ.”

“ಕಾರಣ ಬೇಕಲ್ಲಮ್ಮ.”

ಕಾರಣ ಬೇಕಾದೀತೆಂದು ಅವಳು ಯೋಚಿಸಿರಲಿಲ್ಲ. ಆರೋಗ್ಯ ಸರಿಯಿಲ್ಲ ಎನ್ನಬಹುದಿತ್ತು, ಊರು ಬಿಡುತ್ತಿದ್ದೇವೆ ಎನ್ನಬಹುದಿತ್ತು. ಮರ್ಯಾದೆಯ ಸುಳ್ಳುಗಳು ಎಷ್ಟೋ ಇದ್ದವು. ಅವಳ ಬಾಯಿಗೆ ಬಂದದ್ದು ಬೇರೆ.

“ಫೋಟೋ ನೋಡಿದ್ವಿ. ಮಗು ಮನಸ್ಸಿಗೆ ಬರ್ಲಿಲ್ಲ.”

ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ, “ಹಾಗೇ ಬರೀಲಾ?” ಎಂದಳು.

“ಹಾಗೇ ಬರೀರಿ.”

ಕರೆ ಕಡಿದುಹೋಯಿತು. ದೊಡ್ಡವಳು ಮೆಸೇಜುಗಳನ್ನು ಅಳಿಸಿದಳು, ಕರೆಗಳ ಪಟ್ಟಿಯನ್ನು ಅಳಿಸಿದಳು. ಕೊನೆಗೆ ಫೋಟೋ ಉಳಿಯಿತು. ಅಳಿಸಲೇ ಎಂದು ಫೋನು ಕೇಳಿತು, ಹೌದು ಎಂದು ಒತ್ತಿದಳು. ಹದಿನಾಲ್ಕು ವರ್ಷದ ಅನುಭವವಲ್ಲವೇ, ಕಸದ ಬುಟ್ಟಿಗೂ ಹೋಗಿ ಅಲ್ಲಿಂದಲೂ ಅಳಿಸಿದಳು.

ಸಂಜೆ ಫೋನು ಮನೆ ಸೇರಿತು. ದೊಡ್ಡವಳ ಮಗ ತನ್ನ ಅಪ್ಪನ ಫೋನಿನಿಂದ ಕರೆ ಮಾಡಿ ನೋಡಿದ, ಗಣಗಣ ಬಾರಿಸಿತು. ಮೈದುನ ಮೆಸೇಜು ಕಳಿಸಿದ, ಬಂತು. ಚಿಕ್ಕವಳು ಫೋನನ್ನು ಎದೆಗೊತ್ತಿಕೊಂಡು ಅತ್ತಳು. “ಏನಾದ್ರೂ ಬಂದಿತ್ತಾ ಅಕ್ಕ ಇಷ್ಟರಲ್ಲಿ?” ಎಂದು ಕೇಳಿದಳು.

“ಸಿಮ್ಮಿಗೆ ಜೀವ ಇಲ್ಲದಾಗ ಎಲ್ಲಿಂದ ಬರತ್ತೆ,” ಎಂದಳು ದೊಡ್ಡವಳು.

ಅತ್ತೆ ಎದ್ದು ಹೋಗಿ ತಾವೇ ಕೈಯಾರೆ ಚಹಾ ಮಾಡಿ ತಂದು ದೊಡ್ಡವಳ ಮುಂದಿಟ್ಟರು. ಹದಿನೈದು ವರ್ಷದ ಸಂಸಾರದಲ್ಲಿ ಅತ್ತೆಯ ಕೈಯ ಚಹಾ ಅವಳಿಗೆ ಸಿಕ್ಕಿದ್ದು ಅದೇ ಮೊದಲು. “ನೀ ಇಲ್ದಿದ್ರೆ ಏನಾಗ್ತಿತ್ತೋ,” ಎಂದರು. ಅವಳು ಆ ಚಹಾವನ್ನು ಕುಡಿದಳು ಕೂಡ. ಗಂಟಲಲ್ಲಿ ಇಳಿಯಿತು.

ಬುಧವಾರವಿಡೀ ಚಿಕ್ಕವಳು ಫೋನನ್ನು ಕೆಳಗಿಡಲಿಲ್ಲ. ಸ್ನಾನಕ್ಕೆ ಹೋಗುವಾಗ ಗಂಡನ ಕೈಗೆ ಕೊಟ್ಟು ಹೋದಳು. ಎರಡು ಸಲ ಬಾರಿಸಿತು, ಎರಡೂ ಸಲ ಯಾವುದೋ ಸೋಫಾ ಮಾರುವವರು. ಆದರೂ ಅವಳು ಅವರಿಗೆ ಬೈಯಲಿಲ್ಲ, ಫೋನು ಬಾರಿಸಿದ್ದೇ ಸಂತೋಷವೆಂಬಂತೆ ಮಾತಾಡಿ ಇಟ್ಟಳು. ದೊಡ್ಡವಳು ಪಕ್ಕದಲ್ಲಿ ತರಕಾರಿ ಹೆಚ್ಚುತ್ತ ಇದನ್ನೆಲ್ಲ ನೋಡಿದಳು. ಇನ್ನು ಮುಂದಿನ ತಿಂಗಳು ವಯಸ್ಸು ಮೀರಿತೆಂದು ಒಂದು ಕಾಗದ ಬರುತ್ತದೆ, ಎಲ್ಲರೂ ಒಂದು ದಿನ ಅಳುತ್ತಾರೆ, ಇಸ್ತ್ರಿ ಮೇಜು ಹಳದಿ ಕೋಣೆಗೆ ವಾಪಸು ಹೋಗುತ್ತದೆ ಎಂದು ಅವಳು ಅಂದುಕೊಂಡಿದ್ದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಗುರುವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಮಕ್ಕಳ ಮನೆಗೆ ಹೊರಟರು. ಫೋನು ಸರಿಯಾದರೂ ಇರಲಿ, ಗಂಡನ ನಂಬರನ್ನೂ ಎರಡನೆಯದಾಗಿ ಬರೆಸಿ ಬರುತ್ತೇವೆ ಎಂದರು.

ಐದು ಗಂಟೆಗೆ ವಾಪಸು ಬಂದರು. ದೊಡ್ಡವಳು ಬಾಗಿಲ ಸದ್ದಿಗೇ ತಿಳಿದುಕೊಂಡಳು. ಮೈದುನ ಚಪ್ಪಲಿಯನ್ನೂ ಬಿಡದೆ ಬಂದು ಮೇಜಿನ ಆಚೆ ನಿಂತ.

“ಅತ್ತಿಗೆ, ಮಂಗಳವಾರ ನಾಲ್ಕು ಹತ್ತಕ್ಕೆ ಫೋನ್ ಯಾರ ಹತ್ರ ಇತ್ತು?”

“ಕೌಂಟರಲ್ಲಿ ಇತ್ತು. ಯಾಕೆ?”

“ಆ ಫೋನಲ್ಲಿ ಒಬ್ಬ ಹೆಂಗಸು ಮಾತಾಡಿದಾಳೆ. ಮಗು ಬೇಡ ಅಂದಿದಾಳೆ. ಸೋಮವಾರನೇ ಸರದಿ ಬಂದಿತ್ತಂತೆ, ಫೋಟೋನೂ ಬಂದಿತ್ತಂತೆ. ಮನಸ್ಸಿಗೆ ಬರ್ಲಿಲ್ಲ ಅಂತ ಕಾರಣ ಬರೆದಿದಾರೆ. ಓದಿ ಹೇಳಿದ್ರು.” ಅವನ ದನಿ ಏರಲಿಲ್ಲ. “ನಿನ್ನೆ ಮಗೂನ ಮುಂದಿನ ಫೈಲಿನವರಿಗೆ ಕೊಟ್ಟಾಯ್ತು. ಅದು ನಮ್ಮ ಮಾತಲ್ಲ ಅಂದ್ವಿ. ಫೈಲಿನ ನಂಬರಲ್ಲಿ ಹೇಳಿದ್ದು ಫೈಲಿನವರ ಮಾತೇ ಅಂದ್ರು.”

“ಅಯ್ಯೋ,” ಎಂದಳು ದೊಡ್ಡವಳು. ದಿನಕ್ಕೆ ಎಂಟು ಗಂಟೆ ನಿಲ್ಲದೆ ಕೌಂಟರಿನಲ್ಲಿ ಸುಳ್ಳು ಹೇಳುವ ಅಭ್ಯಾಸ ಕೈಹಿಡಿಯಿತು. “ಡ್ರಾಯರಲ್ಲಿ ಇಟ್ಟು ನಾನು ಚಹಾಕ್ಕೆ ಹೋಗಿದ್ದೆ. ಸಿಮ್ಮಿಗೆ ಆಗಲೇ ಜೀವ ಬಂದಿರಬೇಕು. ಆರನೇ ಕೌಂಟರಿನವಳು ಇದಾಳಲ್ಲ, ಅವಳಿಗೆ ಕಂಡವರ ಫೋನ್ ಎತ್ತಿ ತಮಾಷೆ ಮಾಡೋ ಚಟ. ಅವಳದೇ ಕೆಲಸ ಇದು.”

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ದೊಡ್ಡವಳ ಗಂಡ ನಾಳೆಯೇ ಅವಳ ಮೇಲೆ ದೂರು ಕೊಡೋಣ ಎಂದ. ಅತ್ತೆ ಮಾತ್ರ ದೊಡ್ಡ ಸೊಸೆಯ ಮುಖವನ್ನು ನೋಡುತ್ತ ಕೂತರು. ಮೈದುನ ತಿರುಗಿ ಕಿಟಕಿಯ ಕಡೆ ಹೋದ. ಅವನು ನಂಬಿದನೋ ಬಿಟ್ಟನೋ, ಅವನ ಬೆನ್ನು ನೋಡಿದರೆ ತಿಳಿಯುವಂತಿರಲಿಲ್ಲ.

ಚಿಕ್ಕವಳು ಇದೆಲ್ಲದರ ನಡುವೆ ದೊಡ್ಡವಳ ಪಕ್ಕದ ಕುರ್ಚಿಗೆ ಬಂದು ಕೂತಳು. ಅವಳ ಕಣ್ಣು ಒಣಗಿದ್ದವು. ದಾರಿಯಲ್ಲೇ ಅತ್ತು ಮುಗಿಸಿರಬೇಕು.

“ಅಕ್ಕ, ಯಾರು ಮಾತಾಡಿದ್ರು ಅಂತ ನಾನು ಕೇಳಲ್ಲ,” ಎಂದಳು. “ಯಾರಾದ್ರೂ ಆಗಿರ್ಲಿ. ಬೈಯಲ್ಲ, ಯಾರ ಹತ್ರನೂ ಹೇಳಲ್ಲ. ಇನ್ನು ತಿಳ್ಕೊಂಡು ನಂಗೇನಾಗ್ಬೇಕು. ಅವರು ಫೋಟೋ ತೋರಿಸ್ಲಿಲ್ಲ. ಬೇಡ ಅಂದವರಿಗೆ ತೋರಿಸೋ ಹಾಗಿಲ್ವಂತೆ. ಕಾಲು ಹಿಡಿದೆ, ಆದ್ರೂ ಆಗಲ್ಲ ಅಂದ್ರು. ಫೋನಲ್ಲೂ ಇಲ್ಲ, ಹುಡುಕಿದೆ. ನೀನು ನೋಡಿದ್ರೆ ಹೇಳು. ಹೇಗಿದ್ಲು?”

ದೊಡ್ಡವಳ ಕಣ್ಣ ಮುಂದೆ ಹುಡುಗಿ ಕುರ್ಚಿಯ ಮೇಲೆ ಕೂತೇ ಇದ್ದಳು. ಜಾರಿದ ಕಾಲುಚೀಲ, ಗದ್ದದ ಹಕ್ಕಳೆ, ಮೇಲಕ್ಕೆ ಹೋದ ತುಟಿಯ ತುದಿ. ಈ ಪ್ರಪಂಚದಲ್ಲಿ ಚಿಕ್ಕವಳಿಗೆ ಅದನ್ನು ಕೊಡಬಲ್ಲವಳು ಅವಳೊಬ್ಬಳೇ ಆಗಿದ್ದಳು. ಕೊಟ್ಟರೆ ಡ್ರಾಯರು ತೆರೆದದ್ದು ತಾನೇ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡಂತೆ.

“ನಾನೆಲ್ಲಿ ನೋಡಿದೆ,” ಎಂದಳು.

“ಮುಖ ಬೇಡ ಅಕ್ಕ. ಕೂದಲು ಉದ್ದ ಇತ್ತಾ ಅಷ್ಟು ಹೇಳು. ಜಡೆ ಹಾಕಿದ್ರಾ?”

“ಇಲ್ಲ ಅಂದ್ನಲ್ಲ.”

“ನಗ್ತಿದ್ಲಾ?”

ಅತ್ತೆ ಮೇಜಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿದರು. “ಹೇಳೇ ದೊಡ್ಡವಳೇ,” ಎಂದರು. ಅದು ಬೈಗುಳವಾಗಿರಲಿಲ್ಲ. ಬೇಡುವ ದನಿ ಅದು.

“ನೋಡಿದ್ರೆ ತಾನೇ ಹೇಳೋದು,” ಎಂದಳು ದೊಡ್ಡವಳು.

ಚಿಕ್ಕವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತು ದೊಡ್ಡವಳ ಕಣ್ಣುಗಳನ್ನೇ ನೋಡಿದಳು, ಅವುಗಳ ಒಳಗೆ ಏನೋ ಸಿಗುವುದೆಂಬ ಹಾಗೆ. ಆಮೇಲೆ ಎದ್ದು ಹಳದಿ ಕೋಣೆಗೆ ಹೋಗಿ, ಹಾಸಿಗೆ ಸುತ್ತಿ ಕಟ್ಟತೊಡಗಿದಳು.